ನಿಮಗಿದು ಗೊತ್ತೆ? ಬೇಕೆಂದೇ ಬೀಳಿಸಿದ ಚೀಟಿ
ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದಾಳಿಯ ವರಸೆಯನ್ನೇ ಬದಲಿಸಿದ ಕೋಚ್‌ಗಳಲ್ಲಿ ಒಬ್ಬರಾದ ಮೈಕ್ ಲೀಚ್, ಸ್ವತಃ ಕಾಲೇಜು ತಂಡದಲ್ಲಿ ಈ ಆಟ ಆಡಿದವರೇ ಅಲ್ಲ. ಓದಿದ್ದು ಕಾನೂನು. ಕೋರ್ಟು ಬಿಟ್ಟು ಮೈದಾನಕ್ಕೆ ಬಂದು, 1989ರಲ್ಲಿ ಅಯೋವಾ ವೆಸ್ಲಿಯನ್ ಎಂಬ ಪುಟ್ಟ ಕಾಲೇಜಿನಲ್ಲಿ ಕೋಚ್ ಹಾಲ್ ಮಮಿ ಜೊತೆ ಕೈಜೋಡಿಸಿದರು. ಚೆಂಡು ಹಿಡಿದು ನುಗ್ಗುವುದಕ್ಕಿಂತ ಎಸೆಯುವುದಕ್ಕೇ ಒತ್ತು ಕೊಟ್ಟ ಅವರ ಪದ್ಧತಿಗೆ ‘ಏರ್ ರೇಡ್’ ಎಂಬ ಹೆಸರು ಬಂತು. ತಂತ್ರಗಳು ಬೆರಳೆಣಿಕೆಯಷ್ಟು, ಅವನ್ನೇ ತಿದ್ದಿ ತೀಡಿ ಅಭ್ಯಾಸ ಮಾಡಿಸುತ್ತಿದ್ದರು.

1999ರಲ್ಲಿ ಲೀಚ್ ಒಕ್ಲಹಾಮಾ ತಂಡದ ದಾಳಿ ವಿಭಾಗದ ಮುಖ್ಯಸ್ಥ. ಬದ್ಧ ವೈರಿ ಟೆಕ್ಸಸ್ ಎದುರಿನ ಪಂದ್ಯಕ್ಕೆ ಮುನ್ನ ಸುಳ್ಳು ತಂತ್ರಗಳ ಪಟ್ಟಿಯೊಂದನ್ನು ಬರೆದು, ಕೈತಪ್ಪಿ ಬಿದ್ದಂತೆ ಮೈದಾನದಲ್ಲಿ ಬೀಳಿಸಿದರು. ಎದುರಾಳಿಗಳು ಅದನ್ನು ಹೆಕ್ಕಿಕೊಂಡು ನಂಬಿಯೂಬಿಟ್ಟರು! ನೋಡನೋಡುತ್ತಲೇ ಒಕ್ಲಹಾಮಾ 17–0 ಮುನ್ನಡೆ. ಆದರೆ ಚೀಟಿಯ ಮಾಯೆ ಎಷ್ಟು ಹೊತ್ತು? ಪಂದ್ಯ ಗೆದ್ದದ್ದು ಟೆಕ್ಸಸ್ಸೇ, 38–28ರಿಂದ.

ಮರುವರ್ಷವೇ ಲೀಚ್ ಟೆಕ್ಸಸ್ ಟೆಕ್ ತಂಡದ ಮುಖ್ಯ ಕೋಚ್ ಆದರು. ಮುಂದೆ ವಾಷಿಂಗ್ಟನ್ ಸ್ಟೇಟ್, ಆಮೇಲೆ ಮಿಸಿಸಿಪಿ ಸ್ಟೇಟ್. ಆಟದಾಚೆ ಅವರಿಗೆ ಕಡಲ್ಗಳ್ಳರ ಕಥೆಗಳೆಂದರೆ ಪ್ರಾಣ. ಅಪಾಚೆ ಯೋಧ ಜೆರೊನಿಮೊ ಕುರಿತ ಪುಸ್ತಕಕ್ಕೂ ಸಹಲೇಖಕ. 2022ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗಲೂ ಅವರು ಕೋಚ್ ಹುದ್ದೆಯಲ್ಲೇ ಇದ್ದರು.