ಉಗ್ರಾಣದ ಆಲೂಗೆಡ್ಡೆಯೂ ನಮ್ಮ ಕೈತೋಟವೂ

ಬೇಸಗೆಯ ರಜೆ ಕಳೆದು ಜೂನ್ ತಿಂಗಳಲ್ಲಿ ವಿದ್ಯಾರ್ಥಿನಿಲಯದ ಉಗ್ರಾಣವನ್ನು ತೆರೆಯುವಾಗ, ಹಿಂದಣ ವರುಷದಿಂದ ಉಳಿದುಹೋದ ಆಲೂಗೆಡ್ಡೆಯ ಚೀಲವೊಂದು ಮೂಲೆಯಲ್ಲಿ ಬಿದ್ದಿರುವುದು ನಮಗೆ ಹಳೆಯ ಪರಿಚಯದ ನೋಟವಾಗಿದೆ. ಒಳಗಿನ ಗೆಡ್ಡೆಗಳು ಸುಕ್ಕಾಗಿ ಗೇಣುದ್ದದ ಬಿಳಿಯ ಮೊಳಕೆಗಳನ್ನು ಬಿಟ್ಟಿರುತ್ತವೆ. ಕಿಟಕಿಯ ಬೆಳಕು ಬಿದ್ದ ಕಡೆಯವು ಹಸುರಾಗಿರುತ್ತವೆ. ಕೆಲವು ವರುಷಗಳ ಹಿಂದೆ ಇಂಥದೇ ಚೀಲವನ್ನು ಕಂಡು ಅಡುಗೆಯ ಅಮ್ಮನವರು, "ಮೊಳಕೆ ಮುರಿದು, ಹಸುರು ಹೆರೆದು ಹುಳಿಗೆ ಹಾಕಿಬಿಡೋಣ ಅಮ್ಮಾವ್ರೇ, ದುಡ್ಡು ಕೊಟ್ಟು ತಂದದ್ದಲ್ಲವೇ?" ಎಂದರು. ಮಿತವ್ಯಯವನ್ನು ದಿನವೂ ಬೋಧಿಸುವ ನಮಗೆ ಆ ಮಾತು ಹಿತವಾಗಿಯೇ ತೋರಿತು. ಆದರೆ ನಾವು ಒಪ್ಪಲಿಲ್ಲ, ಅದಕ್ಕೆ ಕಾರಣವುಂಟು.

1969ರಲ್ಲಿ ಲಂಡನ್ ನಗರದ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟದ ತರುವಾಯ 78 ಮಂದಿ ಹುಡುಗರು ವಾಂತಿಭೇದಿಯಿಂದ ನರಳಿದರು. ಅವರಲ್ಲಿ 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ದೇವರ ದಯೆಯಿಂದ ಎಲ್ಲರೂ ಗುಣ ಹೊಂದಿದರು. ವಿಚಾರಿಸಿ ನೋಡಲಾಗಿ, ಬೇಸಗೆಯ ಅವಧಿಯಿಂದ ಉಳಿದಿದ್ದ ಆಲೂಗೆಡ್ಡೆಯ ಚೀಲವೇ ಅದಕ್ಕೆ ಕಾರಣವೆಂದು ತಿಳಿದುಬಂತು. ಹಸುರಾದ ಮತ್ತು ಮೊಳೆತ ಗೆಡ್ಡೆಯಲ್ಲಿ ಸೊಲಾನಿನ್ ಮೊದಲಾದ ವಿಷಗಳು ಹೆಚ್ಚುತ್ತವೆ. ಕುದಿಸುವುದರಿಂದ ಅವು ನಾಶವಾಗುವುದಿಲ್ಲ. ಹಸುರು ಬಣ್ಣವೇ ವಿಷವಲ್ಲ. ಆದರೆ ಬಣ್ಣವನ್ನು ತರುವ ಬೆಳಕೇ ವಿಷವನ್ನೂ ಹೆಚ್ಚಿಸುವುದರಿಂದ ಅದನ್ನು ಎಚ್ಚರಿಕೆಯ ಗುರುತೆಂದು ತಿಳಿಯಬೇಕು. ಬಾಯಿಗೆ ಕಹಿಯೆನಿಸಿದ ಆಲೂಗೆಡ್ಡೆಯನ್ನು ಎಷ್ಟೇ ಹಸಿವಿದ್ದರೂ ನುಂಗಕೂಡದು.

ಹೀಗಿರಲಾಗಿ, ತಿನ್ನಲೂ ಬಾರದ, ಎಸೆಯಲೂ ಮನಸ್ಸೊಪ್ಪದ ಆ ಚೀಲವನ್ನು ಹಿತ್ತಿಲಿಗೆ ಸಾಗಿಸಿದೆವು. ನಮ್ಮ ಹಾಸನದ ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆಗಳೊಡನೆ, ಮೇ ಜೂನ್ ತಿಂಗಳುಗಳಲ್ಲಿಯೇ ಆಲೂಗೆಡ್ಡೆಯನ್ನು ನೆಡುವುದರಿಂದ ಕಾಲವೂ ಕೂಡಿಬಂದಿತ್ತು.

ಮಕ್ಕಳು ಮೊದಲು ಕೇಳಿದ ಪ್ರಶ್ನೆ, "ಟೀಚರ್, ಇದರ ಬೀಜ ಎಲ್ಲಿದೆ?" ಎಂಬುದು. ಆಲೂಗೆಡ್ಡೆಯು ಬೇರಲ್ಲ, ಮಣ್ಣಿನೊಳಗೆ ಊದಿಕೊಂಡ ಕಾಂಡ. ಅದರ ಮೈಮೇಲೆ ಕಾಣುವ ಕುಳಿಗಳನ್ನು ರೈತರು ಕಣ್ಣುಗಳೆನ್ನುತ್ತಾರೆ. ಒಂದೊಂದು ಕಣ್ಣಿನಲ್ಲಿಯೂ ಕೊಂಬೆಯಾಗಬಲ್ಲ ಮೊಗ್ಗುಗಳಿವೆ. ಗಿಡವು ಕೆಲವೊಮ್ಮೆ ಎಳೆಯ ಟೊಮೇಟೊವನ್ನು ಹೋಲುವ ಸಣ್ಣ ಹಸುರು ಕಾಯಿಗಳನ್ನು ಬಿಡುವುದುಂಟು. ಅವುಗಳೊಳಗೆ ನಿಜವಾದ ಬೀಜವಿದೆ. ಆದರೆ ಆ ಕಾಯಿಗಳು ವಿಷವಾದ್ದರಿಂದ ಚಿಕ್ಕ ಮಕ್ಕಳ ಕೈಗೆ ಸಿಕ್ಕಬಾರದು. ಗೆಡ್ಡೆಯಿಂದ ಹುಟ್ಟಿದ ಗಿಡವು ಹೊಸ ಸಂತಾನವಲ್ಲ. ಹಳೆಯ ಗಿಡದ್ದೇ ತುಂಡು. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುವುದು.

ಅಂಗಡಿಯಿಂದ ತಂದ ಗೆಡ್ಡೆಗಳೆಲ್ಲವೂ ಮೊಳೆಯುತ್ತವೆಂದು ತಿಳಿಯತಕ್ಕದ್ದಲ್ಲ. ಹೊಸದಾಗಿ ಅಗೆದ ಗೆಡ್ಡೆಯು ಎರಡು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ನಿದ್ರಿಸುತ್ತದೆ. ಆಗ ಯಾವ ಉಪಚಾರ ಮಾಡಿದರೂ ಏಳಲೊಲ್ಲದು. ಅಲ್ಲದೆ ಕೆಲವು ಶೈತ್ಯಾಗಾರಗಳಲ್ಲಿ ಮೊಳಕೆಯನ್ನು ತಡೆಯುವ ಔಷಧದ ಹೊಗೆಯನ್ನು ಹಾಯಿಸಿರುತ್ತಾರೆ. ಆದಕಾರಣ ಕಣ್ಣು ಆಗಲೇ ಬಿಡುತ್ತಿರುವ, ಗಟ್ಟಿಯಾದ, ಕೊಳೆಯ ಕಲೆಯಿಲ್ಲದ ಗೆಡ್ಡೆಗಳನ್ನೇ ಆರಿಸಿಕೊಳ್ಳಬೇಕು. ಹಸುರಾದುದು ಊಟಕ್ಕೆ ಬಾರದಿದ್ದರೂ ನೆಡುವುದಕ್ಕೆ ಬಾಧಕವಿಲ್ಲ. ಕತ್ತಲೆಯಲ್ಲಿ ಬೆಳೆದ ಉದ್ದನೆಯ ಬಿಳಿ ಮೊಳಕೆಗಳು ಮುಟ್ಟಿದರೆ ಮುರಿಯುವಂಥವು. ಅವನ್ನು ತೆಗೆದು, ಗೆಡ್ಡೆಗಳನ್ನು ಬಿಸಿಲು ತಾಗದ, ಬೆಳಕಿರುವ ಜಗಲಿಯಲ್ಲಿ ಎರಡು ಮೂರು ವಾರ ಒಂದೇ ಪದರವಾಗಿ ಹರಡಿದರೆ, ಕುಳ್ಳಗಿನ ದಪ್ಪ ಮೊಳಕೆಗಳು ಹೊಸದಾಗಿ ಮೂಡುತ್ತವೆ. ಇವೇ ಬಲವಾದವು.

ದೊಡ್ಡ ಗೆಡ್ಡೆಯನ್ನು ಎರಡು ಮೂರು ಕಣ್ಣುಗಳುಳ್ಳ, 30 ರಿಂದ 40 ಗ್ರಾಂ ತೂಕದ ಹೋಳುಗಳಾಗಿ ಕೊಯ್ಯಬಹುದು. ಕೊಯ್ದ ಬಾಯಿ ಒಣಗಿ ತೊಗಲು ಕಟ್ಟುವಂತೆ ಎರಡು ದಿನ ನೆರಳಿನಲ್ಲಿಡಬೇಕು. ಆದರೆ ಮುಂಗಾರಿನ ತೇವದಲ್ಲಿ ಹೋಳುಗಳು ಕೊಳೆಯುವುದು ಹೆಚ್ಚು. ಕೋಳಿಮೊಟ್ಟೆಯಷ್ಟಿರುವ ಗೆಡ್ಡೆಗಳನ್ನು ಇಡಿಯಾಗಿ ನೆಡುವುದೇ ನಮ್ಮ ಮನಸ್ಸಿಗೆ ಬಂದ ಕ್ರಮ. ಕೊಯ್ಯಲೇಬೇಕಾದರೆ ಒಂದೊಂದು ಗೆಡ್ಡೆಯಾದ ಮೇಲೆಯೂ ಚೂರಿಯನ್ನು ಕುದಿಯುವ ನೀರಿನಲ್ಲಿ ಅದ್ದಬೇಕು. ಇದನ್ನು ಕಂಡು ನಕ್ಕ ಹುಡುಗಿಯರು ಆಮೇಲೆ ನಗಲಿಲ್ಲ.

ನೀರು ನಿಲ್ಲದ ಸಡಿಲವಾದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಕೂಡಿಸಿ, 2 ಅಡಿಗೊಂದು ಸಾಲು ಎಳೆದು, ಸಾಲಿನೊಳಗೆ ಗೇಣಿಗೊಂದರಂತೆ, ನಾಲ್ಕು ಅಂಗುಲ ಆಳದಲ್ಲಿ ಮೊಳಕೆ ಮೇಲಾಗಿ ನೆಟ್ಟೆವು. ಗಿಡ ಗೇಣುದ್ದವಾದಾಗ ಬುಡಕ್ಕೆ ಮಣ್ಣು ಏರಿಸಬೇಕು; ಎರಡು ವಾರ ಬಿಟ್ಟು ಇನ್ನೊಮ್ಮೆ. ಈ ಕೆಲಸದಲ್ಲಿ ಸೋಮಾರಿತನ ಸಲ್ಲದು. ಮಣ್ಣಿನೊಳಗಿನ ಕಾಂಡದಿಂದ ಅಡ್ಡಲಾಗಿ ಹೊರಟ ಎಳೆಗಳ ತುದಿಯಲ್ಲಿಯೇ ಗೆಡ್ಡೆಗಳು ಕಟ್ಟುವುದರಿಂದ, ಮಣ್ಣಿನ ಹೊದಿಕೆ ಸಾಲದಿದ್ದರೆ ಅವು ಬೆಳಕು ಕಂಡು ಹಸುರಾಗಿ ಉಗ್ರಾಣದ ಕಥೆಯೇ ಮರಳುವುದು. ಜಾಗವಿಲ್ಲದ ಮನೆಗಳಲ್ಲಿ ಗೋಣಿಚೀಲದಲ್ಲಿಯೂ ಬೆಳೆಯಬಹುದು. ಆದರೆ ಚೀಲವನ್ನು ಎದೆಯೆತ್ತರ ತುಂಬಿದರೆ ಮೇಲಿಂದ ಕೆಳಗಿನವರೆಗೂ ಗೆಡ್ಡೆ ಸಿಕ್ಕುವುದೆಂಬ ಮಾತನ್ನು ನಂಬಬೇಡಿರಿ. ನಾವು ನಂಬಿ ಮಣ್ಣು ಹೊತ್ತದ್ದೇ ಬಂತು. ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿದ್ದರೆ ಗೆಡ್ಡೆ ಚೆನ್ನಾಗಿ ಕಟ್ಟುವುದು. ಆದುದರಿಂದ ಕರಾವಳಿಯ ಸೆಕೆಯಲ್ಲಿ ಸೊಪ್ಪು ಸೊಂಪಾಗಿ ಬೆಳೆದರೂ ಕೆಳಗೆ ಹೆಚ್ಚೇನೂ ಇರದು. ನಮ್ಮಲ್ಲಿ 90 ರಿಂದ 100 ದಿನಗಳಿಗೆ ಎಲೆ ಹಳದಿಯಾಗುತ್ತದೆ. ಆಗ ಸೊಪ್ಪನ್ನು ಕೊಯ್ದು, ಹತ್ತು ದಿನ ಬಿಟ್ಟು ಅಗೆದರೆ ತೊಗಲು ಗಟ್ಟಿಯಾಗಿರುವುದು.

ಮೊದಲನೆಯ ವರುಷ 2 ಕಿಲೋಗ್ರಾಂ ನೆಟ್ಟು 14 ಕಿಲೋಗ್ರಾಂ ತೆಗೆದೆವು. ಮಕ್ಕಳ ಸಂತೋಷಕ್ಕಿಂತ ನಮ್ಮದೇ ದೊಡ್ಡದಾಗಿತ್ತು. ತಪ್ಪಿಗೆ ದಾರಿಯಾದದ್ದೂ ಅದೇ. ದೊಡ್ಡವನ್ನು ಅಡುಗೆಗೆ ಕೊಟ್ಟು, ಗೋಲಿಯಂಥ ಸಣ್ಣವನ್ನು ಮರುವರುಷದ ಬಿತ್ತನೆಗೆಂದು ಎತ್ತಿಡಿಸಿದೆವು. ಎರಡನೆಯ ವರುಷ ಬೆಳೆ ಅರ್ಧಕ್ಕಿಳಿಯಿತು. ಎಲೆಗಳು ಮುರುಟಿ ಗಿಡ ಕುಳ್ಳಾಯಿತು. ಮೂರನೆಯ ವರುಷ ಸಾಲದ್ದಕ್ಕೆ ಸಂತೆಯಿಂದ ಒಂದಷ್ಟು ತಂದು ಬೆರೆಸಿದೆವು. ಆ ಆಗಸ್ಟಿನಲ್ಲಿ ಹಸುರು ಗಿಡಗಳೇ ಮಧ್ಯಾಹ್ನದ ಹೊತ್ತಿಗೆ ಜೋತುಬಿದ್ದು, ಸಂಜೆಗೆ ಚೇತರಿಸಿಕೊಂಡು, ನಾಲ್ಕಾರು ದಿನಗಳಲ್ಲಿ ಸತ್ತುಹೋದವು. ನೀರು ಸಾಲದೆಂದು ತಿಳಿದು ನಾವೇ ಎರಡು ಹೊತ್ತು ನೀರು ಹಾಕಿಸಿದೆವು. ಉಳಿದಷ್ಟು ಗೆಡ್ಡೆಯನ್ನು ಸೆಪ್ಟೆಂಬರಿನಲ್ಲಿ ಅಗೆದು, ಅದೇ ಪಾತಿಯಲ್ಲಿ ಬದನೆಯ ಸಸಿ ನೆಡಿಸಿದೆವು. ದಸರೆಯ ರಜೆ ಮುಗಿದು ಬಂದು ನೋಡಿದರೆ ಬದನೆಯೂ ಹಾಗೆಯೇ ಜೋತುಬಿದ್ದಿತ್ತು.

ವಿಜ್ಞಾನದ ಉಪಾಧ್ಯಾಯಿನಿಯವರು ಸೊರಗಿದ ಕಾಂಡವೊಂದನ್ನು ಕೊಯ್ದು, ತಿಳಿನೀರಿದ್ದ ಗಾಜಿನ ಲೋಟದಲ್ಲಿ ತೂಗುಹಾಕಿದರು. ಕೆಲವೇ ನಿಮಿಷಗಳಲ್ಲಿ ಕೊಯ್ದ ಬಾಯಿಂದ ಹಾಲಿನ ಎಳೆಯಂಥ ದ್ರವವು ಕೆಳಗಿಳಿಯತೊಡಗಿತು. ಇದು ದುಂಡಾಣುಗಳಿಂದ ಬರುವ ಸೊರಗು ರೋಗದ ಗುರುತು. ಈ ರೋಗಾಣು ನೋಡುವುದಕ್ಕೆ ಸೊಗಸಾದ ಗೆಡ್ಡೆಯೊಳಗೂ ಅಡಗಿ ಬರಬಲ್ಲದು. ಮಣ್ಣು, ನೀರು, ಚೂರಿ, ಗುದ್ದಲಿಗಳ ಮೂಲಕ ಹರಡಬಲ್ಲದು. ಬದನೆ, ಟೊಮೇಟೊ, ಮೆಣಸಿನಕಾಯಿ ಎಲ್ಲವನ್ನೂ ಹಿಡಿಯಬಲ್ಲದು. ನಾವು ಎರಡು ಹೊತ್ತು ಹಾಕಿಸಿದ ನೀರು ಯಾರ ಕೆಲಸ ಮಾಡಿತೆಂದು ಬಿಡಿಸಿ ಹೇಳಬೇಕಾದ್ದಿಲ್ಲ.

ಅಂದು ಲೋಟದ ಸುತ್ತ ನೆರೆದಿದ್ದವರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಳತೊಡಗಿದಳು. ದಸರೆಗೆ ಊರಿಗೆ ಹೋಗುವಾಗ, "ನಾನೇ ಬೆಳೆದದ್ದು" ಎಂಬ ಹೆಮ್ಮೆಯಿಂದ ಎಂಟು ಹತ್ತು ಚೆಂದದ ಗೆಡ್ಡೆಗಳನ್ನು ಒಯ್ದು ತಂದೆಗೆ ಕೊಟ್ಟಿದ್ದಳು. ಅವರು ಮಗಳ ಮೇಲಿನ ಪ್ರೀತಿಯಿಂದ ಅವನ್ನು ಹೊಲದ ಅಂಚಿನಲ್ಲಿ ನೆಡುತ್ತೇವೆಂದಿದ್ದರು. ಒಂದೂವರೆ ಎಕರೆ ಹೊಲ. ಮನೆಮಂದಿಯ ಬದುಕೆಲ್ಲ ಅದರ ಮೇಲೆ. ನಾವು ಆ ಗಳಿಗೆಯಲ್ಲಿಯೇ ದೂರವಾಣಿಯಲ್ಲಿ ಕರೆದೆವು. "ಇನ್ನೂ ಅಟ್ಟದ ಮೇಲವೆ ಅಮ್ಮಾವ್ರೇ, ಕಣ್ಣು ಬಿಟ್ಟಿಲ್ಲ, ಅದಕ್ಕೇ ಹಾಕಿಲ್ಲ" ಎಂದರು. ಹೊಸ ಗೆಡ್ಡೆಯ ಆ ಎರಡು ತಿಂಗಳ ನಿದ್ರೆಯೇ ಹೊಲವನ್ನು ಕಾಯ್ದಿತ್ತು. ಅವನ್ನು ಒಲೆಗೆ ಹಾಕಿ ಸುಟ್ಟುಬಿಡಿರೆಂದು ಬೇಡಿಕೊಂಡೆವು. ಅವರು ಹಾಗೆಯೇ ಮಾಡಿದರು.

ನಮ್ಮ ಹುಡುಗಿಯರಲ್ಲಿ ಅನೇಕರ ತಂದೆಯವರು ಪ್ರತಿ ವರುಷವೂ ಪಂಜಾಬಿನ ಜಲಂಧರದ ಕಡೆಯಿಂದ ಬಂದ ಬಿತ್ತನೆ ಗೆಡ್ಡೆಯನ್ನು ಸಾಲ ಮಾಡಿಯಾದರೂ ಕೊಳ್ಳುವುದೇಕೆಂಬುದು ಆಗ ಮಕ್ಕಳಿಗೆ ಅರ್ಥವಾಯಿತು. ಗೆಡ್ಡೆಯು ಹಳೆಯ ಗಿಡದ್ದೇ ತುಂಡೆಂದು ಮೊದಲೇ ಹೇಳಿದೆವಷ್ಟೆ. ತಾಯಿಗೆ ತಗಲಿದ ನಂಜುರೋಗಗಳು ಮಗುವಿಗೂ ಬಂದು, ವರುಷದಿಂದ ವರುಷಕ್ಕೆ ಕೂಡುತ್ತ ಹೋಗುವುವು. ಸಣ್ಣವನ್ನೇ ಆರಿಸಿ ಇಟ್ಟರೆ ರೋಗದ ಗಿಡದವನ್ನೇ ಆರಿಸಿದಂತೆ. ಆ ನಂಜನ್ನು ಹರಡುವ ಸಸ್ಯಹೇನುಗಳು ಉತ್ತರದ ಬಯಲಿನಲ್ಲಿ ಚಳಿಗಾಲದ ಕೆಲವು ವಾರಗಳಲ್ಲಿ ತೀರ ಕಡಿಮೆ. ಆ ಸಮಯವನ್ನು ಹಿಡಿದು ಶುದ್ಧವಾದ ಬಿತ್ತನೆಯನ್ನು ಬೆಳೆಯುವ ಕ್ರಮವನ್ನು ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು ರೂಪಿಸಿದರು. 1949ರಲ್ಲಿ ಪಾಟ್ನಾದಲ್ಲಿ ಆರಂಭವಾಗಿ ಮುಂದೆ ಸಿಮ್ಲಾಕ್ಕೆ ಹೋದ ಆ ಸಂಸ್ಥೆಯವರೇ ನಮ್ಮ ಸೀಮೆಯಲ್ಲಿ ಮನೆಮಾತಾದ ಕುಫ್ರಿ ಜ್ಯೋತಿ ತಳಿಯನ್ನು 1968ರಲ್ಲಿ ಕೊಟ್ಟವರು. ಒಂದೇ ಗಿಡದ ತುಂಡುಗಳಿಂದ ದೇಶವನ್ನೆಲ್ಲ ತುಂಬಿಸುವುದರ ಅಪಾಯವನ್ನು ಐರ್ಲೆಂಡಿನವರು 1845ರಿಂದ ಮುಂದಣ ವರುಷಗಳಲ್ಲಿ ಕಂಡರು. ಅಲ್ಲಿ ಬಡವರು ಹೆಚ್ಚಾಗಿ ನೆಚ್ಚಿದ್ದ ಒಂದೇ ತಳಿಯು ಅಂಗಮಾರಿಗೆ ಬಲಿಯಾಗಿ, ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ಬೇನೆಗಳಿಂದಲೂ ಸತ್ತರು. ಅಂಗಮಾರಿಯ ಹೆಸರನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾದ್ದಿಲ್ಲ.

ಇನ್ನೊಂದು ಮಾತು ಊಟಿಯ ಗೆಡ್ಡೆಯನ್ನು ಕುರಿತದ್ದು. ರುಚಿಗೆ ಅದನ್ನು ಮೆಚ್ಚುವವರು ಬಹಳ. ಆದರೆ ನೀಲಗಿರಿಯ ಮಣ್ಣಿನಲ್ಲಿ, ಬೇರನ್ನು ತಿನ್ನುವ ಕಣ್ಣಿಗೆ ಕಾಣದಂಥ ಜಂತುವೊಂದು 1961ರಲ್ಲಿ ಪತ್ತೆಯಾಯಿತು. ಅದರ ಮೊಟ್ಟೆಗಳು ಹತ್ತಾರು ವರುಷ ಮಣ್ಣಿನಲ್ಲಿ ಬದುಕಿರಬಲ್ಲವು. ಗೆಡ್ಡೆಗೆ ಅಂಟಿದ ಕೆಂಪು ಮಣ್ಣಿನೊಡನೆ ಅದೂ ಪ್ರಯಾಣ ಮಾಡಬಲ್ಲದಾದುದರಿಂದ, ಅದನ್ನು ಅಡುಗೆಗೆ ಮಾತ್ರ ತರಬೇಕು, ನೆಡಕೂಡದು.

ಈಗ ನಾವು ಪ್ರತಿ ಜೂನಿನಲ್ಲಿಯೂ ಉಗ್ರಾಣದ ಮೊಳೆತ ಗೆಡ್ಡೆಗಳನ್ನು ಹತ್ತು ಗೋಣಿಚೀಲಗಳಲ್ಲಿ, ಗೋಡೆಯ ಪಕ್ಕದ ಕಲ್ಲುಹಾಸಿನ ಮೇಲೆ ಬೆಳೆಯಿಸುತ್ತೇವೆ. ಬಂದದ್ದೆಲ್ಲ ಅಡುಗೆಗೆ, ಬಿತ್ತನೆಗೆ ಒಂದನ್ನೂ ಎತ್ತಿಡುವುದಿಲ್ಲ, ಊರಿಗೆ ಒಂದನ್ನೂ ಒಯ್ಯಗೊಡುವುದಿಲ್ಲ. ಹಳೆಯ ಪಾತಿಯಲ್ಲಿ ಮೂರನೆಯ ವರುಷದ ರಾಗಿ ನಿಂತಿದೆ. ಅಲ್ಲಿ ನಾಲ್ಕು ಬದನೆಯ ಸಸಿ ನೆಡಲೇ ಎಂದು ಅಡುಗೆಯ ಅಮ್ಮನವರು ಪ್ರತಿ ತಿಂಗಳೂ ಕೇಳುತ್ತಾರೆ. ನಾವು ಇನ್ನೂ ಅಪ್ಪಣೆ ಕೊಟ್ಟಿಲ್ಲ.