ಹೆಸರು ಒಂದೇ, ಕುಲ ಬೇರೆ



ಗಡಿಯ ಆಚೀಚೆ ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಬಿತ್ತುವ ರೈತರಿದ್ದಾರೆ. ಕೆಲವೆಡೆ ಅದನ್ನು ಅಪ್ಸೆಣಬು ಎನ್ನುತ್ತಾರೆ, ತಮಿಳಿನಲ್ಲಿ ಸಣಪ್ಪು. ಇಂಗ್ಲಿಷಿನಲ್ಲಿ ಅದು ‘ಸನ್ ಹೆಂಪ್’. ಗಾಂಜಾ ಗಿಡಕ್ಕೂ ಇಂಗ್ಲಿಷಿನಲ್ಲಿ ‘ಹೆಂಪ್’ ಎಂದೇ ಹೆಸರು. ಹಾಗಾದರೆ ಇವೆರಡೂ ಒಂದೇ ಕುಲದವೇ? ಅಲ್ಲವೇ ಅಲ್ಲ.

ಬ್ಯಾಂಕಿಗೆ ಒಂದೇ ಹೆಸರಿನ ಇಬ್ಬರು ಖಾತೆದಾರರು ಬಂದರೆ ಗುಮಾಸ್ತನು ಹೆಸರನ್ನಷ್ಟೇ ನಂಬುವುದಿಲ್ಲ. ತಂದೆಯ ಹೆಸರು, ಊರು, ಸಹಿ ನೋಡುತ್ತಾನೆ. ಸಸ್ಯಶಾಸ್ತ್ರಜ್ಞರು ಹಾಗೆಯೇ ಹೂ, ಕಾಯಿ, ಬೀಜ ನೋಡುತ್ತಾರೆ. ಸೆಣಬಿನ ಹೂ ಹಳದಿ, ಆಕಾರ ಅವರೆ ಹೂವಿನದು. ಒಣಗಿದ ಕಾಯಿ ಅಲುಗಿಸಿದರೆ ಒಳಗಿನ ಬೀಜ ಗಿಲಗಿಲ ಎನ್ನುತ್ತದೆ. ಅದು ಅವರೆ, ತೊಗರಿಗಳ ಕುಟುಂಬ. ಅವುಗಳಂತೆ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದಲೇ ಒಳ್ಳೆಯ ಗೊಬ್ಬರ.

ಗಾಂಜಾ ಎಲೆಯಾದರೋ ಬೆರಳು ಬಿಡಿಸಿದ ಅಂಗೈಯಂತೆ. ಅಂಚು ಗರಗಸದ ಹಾಗೆ. ಸಾಮಾನ್ಯವಾಗಿ ಗಂಡು ಹೂ ಒಂದು ಗಿಡದಲ್ಲಿ, ಹೆಣ್ಣು ಹೂ ಇನ್ನೊಂದರಲ್ಲಿ. ಪರಾಗ ಗಾಳಿಯಲ್ಲಿ ಹಾರುತ್ತದೆ. 1753ರಲ್ಲಿ ಲಿನೇಯಸ್ ಇದಕ್ಕೆ ‘ಕ್ಯಾನಬಿಸ್ ಸಟೈವಾ’ ಎಂದು ಹೆಸರಿಟ್ಟನು. ಕುಟುಂಬದ ಹೆಸರು ಕ್ಯಾನಬೇಸೀ. ಬಹುಕಾಲ ಈ ಮನೆಯಲ್ಲಿ ಇದ್ದದ್ದು ಎರಡೇ ಕುಲ: ಒಂದು ಗಾಂಜಾ, ಇನ್ನೊಂದು ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿ. ವಂಶವಾಹಿಗಳನ್ನು ಹೋಲಿಸಿ ನೋಡಿದ ಮೇಲೆ 2003ರ ವರ್ಗೀಕರಣದಲ್ಲಿ ಕೆಲವು ಮರಗಳೂ ಒಳಗೆ ಸೇರಿದವು. ಗೂಡಲೂರು ಇಳಿಜಾರಿನಲ್ಲಿ ಕಾಡು ಕಡಿದ ಜಾಗದಲ್ಲಿ ಬೇಗನೆ ಏಳುವ ಗೋರ್ಕಲು ಮರ, ಅಂದರೆ ಟ್ರೆಮಾ ಓರಿಯೆಂಟಾಲಿಸ್, ಅವುಗಳಲ್ಲಿ ಒಂದು. ಅದರ ಸಣ್ಣ ಕಪ್ಪು ಹಣ್ಣನ್ನು ಹಕ್ಕಿಗಳು ತಿನ್ನುತ್ತವೆ.

ಉದಕಮಂಡಲದ ಕಡೆ ಮುಟ್ಟಿದರೆ ಉರಿಯುವ ತುರಿಕೆ ಗಿಡವಿದೆಯಲ್ಲ, ಅದು ಪಕ್ಕದ ಮನೆಯದು. ಅದರಲ್ಲೂ ಗಟ್ಟಿ ನಾರಿದೆ. ಗೋಣಿಚೀಲದ ನಾರಿನ ಗಿಡವನ್ನೂ ನಾವು ಸೆಣಬು ಎನ್ನುತ್ತೇವೆ. ಆದರೆ ಅದು, ಪುಂಡಿಯ ಹಾಗೆ, ದಾಸವಾಳದ ಕುಟುಂಬ. ನಾರು ಇದ್ದ ಮಾತ್ರಕ್ಕೆ ನಂಟು ಇರಬೇಕೆಂದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 1985ರ ಮಾದಕ ವಸ್ತು ಕಾಯಿದೆಯಂತೆ ಪರವಾನಗಿ ಇಲ್ಲದೆ ಗಾಂಜಾ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಸೆಣಬು ಬಿತ್ತಲು ಈ ಕಾಯಿದೆಯ ಅಡ್ಡಿಯಿಲ್ಲ. ಆದ್ದರಿಂದ ಬೀಜ ಕೊಳ್ಳುವಾಗ ಬರೀ ‘ಹೆಂಪ್’ ಎನ್ನಬೇಡಿ. ಹಸಿರೆಲೆ ಗೊಬ್ಬರದ ಸೆಣಬು ಎಂದೇ ಕೇಳಿ. ತಮಿಳು ಅಂಗಡಿಯಾದರೆ ಸಣಪ್ಪು ಎನ್ನಿ. ಹೂ ಬಿಟ್ಟಾಗ ಹಳದಿ ಬಣ್ಣ ನೋಡಿ ಖಾತ್ರಿ ಮಾಡಿಕೊಂಡು ಉಳುಮೆಗೆ ಇಳಿಯಿರಿ.