ನಾಮಪದ ಬಲ್ಲ ಅಮ್ಮನಿಗೆ ನೌನ್ ಯಾವ ಲೆಕ್ಕ?

ಸಂಜೆ ಕುಕ್ಕರ್ ಸೀಟಿ ಹಾಕುವ ಹೊತ್ತಿಗೆ ಸರಿಯಾಗಿ ಮಗ ಗ್ರಾಮರ್ ಪುಸ್ತಕ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾನೆ. "ಅಮ್ಮಾ, ಅಬ್‌ಸ್ಟ್ರಾಕ್ಟ್ ನೌನ್ ಅಂದ್ರೇನು?" ಆಗ ನಿಮ್ಮ ಉತ್ತರ ಏನು? "ನಂಗೆಲ್ಲಿ ಗೊತ್ತೋ ಮಾರಾಯ, ಅಪ್ಪ ಬಂದ ಮೇಲೆ ಕೇಳು" ಅಂತಲೇ?

ಹೀಗೆ ಹೇಳುವ ಅಮ್ಮಂದಿರು ದಡ್ಡರೇನಲ್ಲ. ನಮ್ಮ ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಪಾಠ ಶುರುವಾದದ್ದು 2007-08ರಲ್ಲಿ. ಅದಕ್ಕೂ ಮುಂಚೆ ಓದಿದವರು ಎ, ಬಿ, ಸಿ, ಡಿ ತಿದ್ದಿದ್ದೇ ಐದನೇ ಕ್ಲಾಸಿನಲ್ಲಿ. ಹಾಗಾಗಿ ಇಂಗ್ಲಿಷ್ ಎಂದರೆ ಅಳುಕು ಸಹಜ. ಆದರೆ ದಿನಾ "ನಂಗೆ ಗೊತ್ತಿಲ್ಲ" ಅಂತ ಕೇಳುವ ಮಗು ಕಲಿಯೋದೇನು? ಅಮ್ಮನ ಹತ್ತಿರ ಕೇಳಿ ಪ್ರಯೋಜನವಿಲ್ಲ ಅನ್ನೋದನ್ನು! ಇವತ್ತು ಗ್ರಾಮರ್ ಕೇಳುವುದು ನಿಲ್ಲುತ್ತದೆ. ನಾಳೆ ಡೈರಿ ತೋರಿಸುವುದು ನಿಲ್ಲುತ್ತದೆ. ಬರಬರುತ್ತಾ ಶಾಲೆಯ ಸುದ್ದಿಯೇ ಅಡುಗೆಮನೆವರೆಗೆ ಬರುವುದಿಲ್ಲ.

ನಿಜ ಹೇಳಬೇಕೆಂದರೆ, ನೌನ್ ಪಾಠದ ಮುಕ್ಕಾಲು ಭಾಗ ನಿಮಗೆ ಆಗಲೇ ಗೊತ್ತಿದೆ. ಗೊತ್ತಿದೆ ಅನ್ನೋದು ಮಾತ್ರ ನಿಮಗೆ ಗೊತ್ತಿಲ್ಲ, ಅಷ್ಟೆ.

ಹಳೇ ಪಾಠ ನೆನಪು ಮಾಡಿಕೊಳ್ಳಿ

ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದೆಯೇ? ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಅಂತ ಬಾಯಿಪಾಠ ಮಾಡಿದ್ದಿರಲ್ಲ? 13ನೇ ಶತಮಾನದಲ್ಲಿ ಕೇಶಿರಾಜ ಬರೆದ 'ಶಬ್ದಮಣಿದರ್ಪಣ'ದಲ್ಲೇ ನಾಮಪದಕ್ಕೆ ಒಂದು ಪ್ರಕರಣ ಮೀಸಲಿದೆ. ಅಂದಮೇಲೆ ಈ ವಿಷಯ ನಮ್ಮ ಭಾಷೆಗೆ ಹೊಸದೇನಲ್ಲ.

ನದಿ, ಊರು, ಹುಡುಗಿ - ಇವು ರೂಢನಾಮ. ಇಂಗ್ಲಿಷಿನಲ್ಲಿ ಕಾಮನ್ ನೌನ್. ಕಾವೇರಿ, ಧಾರವಾಡ, ಸೀತಾ - ಇವು ಅಂಕಿತನಾಮ. ಅದೇ ಪ್ರಾಪರ್ ನೌನ್. ಶಿಕ್ಷಕ, ವ್ಯಾಪಾರಿ ಮುಂತಾದ ಅನ್ವರ್ಥನಾಮಕ್ಕೆ ಇಂಗ್ಲಿಷಿನಲ್ಲಿ ಬೇರೆ ಗುಂಪಿಲ್ಲ. ಅವೂ ಕಾಮನ್ ನೌನ್ ಬುಟ್ಟಿಗೇ ಬೀಳುತ್ತವೆ.

ಇನ್ನು ಆ ಅಬ್‌ಸ್ಟ್ರಾಕ್ಟ್ ನೌನ್. ಅದು ನಿಮ್ಮ ಭಾವನಾಮದ ಹತ್ತಿರದ ನೆಂಟ. ಮುಟ್ಟಲಾಗದ್ದು, ಕಣ್ಣಿಗೆ ಕಾಣದ್ದು, ಮನಸ್ಸಿಗೆ ಮಾತ್ರ ಗೊತ್ತಾಗುವಂಥದ್ದು. ಕನ್ನಡದಲ್ಲಿ 'ತನ' ಸೇರಿಸಿ ಒಳ್ಳೆಯತನ, ಗೆಳೆತನ ಅನ್ನುತ್ತೇವೆ. ಇಂಗ್ಲಿಷಿನವರು 'ನೆಸ್' ಸೇರಿಸಿ ಗುಡ್‌ನೆಸ್, 'ಶಿಪ್' ಸೇರಿಸಿ ಫ್ರೆಂಡ್‌ಶಿಪ್, 'ಹುಡ್' ಸೇರಿಸಿ ಚೈಲ್ಡ್‌ಹುಡ್ ಅನ್ನುತ್ತಾರೆ. "ಸಕ್ಕರೆ ಡಬ್ಬದಲ್ಲಿರುತ್ತೆ, ಪ್ರೀತಿ ಯಾವ ಡಬ್ಬದಲ್ಲಿರುತ್ತೆ ಹೇಳು?" ಅಂತ ಮಗನನ್ನು ಕೇಳಿ ನೋಡಿ. ಡಬ್ಬದಲ್ಲಿ ಹಾಕಿಡಲಾಗದ್ದು ಅಬ್‌ಸ್ಟ್ರಾಕ್ಟ್ ನೌನ್ ಅಂತ ಅವನೇ ಹೇಳುತ್ತಾನೆ.

ಡಬ್ಬದಲ್ಲಿರುವ ಸಕ್ಕರೆ, ಅಕ್ಕಿ, ಎಣ್ಣೆ, ನಿಮ್ಮ ಕಿವಿಯ ಓಲೆಯಲ್ಲಿರುವ ಚಿನ್ನ, ಸೀರೆಯ ರೇಷ್ಮೆ ಇವೆಲ್ಲ ಮೆಟೀರಿಯಲ್ ನೌನ್. ಗುಂಪಿಗೆ ಇಟ್ಟ ಹೆಸರು ಕಲೆಕ್ಟಿವ್ ನೌನ್. ಕುರಿಮಂದೆ, ದನದ ಹಿಂಡು, ದ್ರಾಕ್ಷಿ ಗೊಂಚಲು ಅಂತ ನಾವು ಹೇಳುವುದಿಲ್ಲವೇ? ಹಾಗೇ ಕುರಿಗೆ ಫ್ಲಾಕ್, ದನಕ್ಕೆ ಹರ್ಡ್, ದ್ರಾಕ್ಷಿಗೂ ಬೀಗದ ಕೈಗೂ ಬಂಚ್, ಜೇನುನೊಣಕ್ಕೆ ಸ್ವಾರ್ಮ್.

ಕೆಲವು ಪುಸ್ತಕಗಳಲ್ಲಿ ನಾಲ್ಕೇ ವಿಧ, ಕೆಲವದರಲ್ಲಿ ಐದು ಅಂತಿರುತ್ತದೆ. ಗಾಬರಿಯಾಗಬೇಡಿ. ಮೆಟೀರಿಯಲ್ ನೌನನ್ನು ಕೆಲವರು ಬೇರೆಯಾಗಿ ಹೇಳುತ್ತಾರೆ, ಕೆಲವರು ಕಾಮನ್ ನೌನ್ ಜತೆಗೇ ಸೇರಿಸುತ್ತಾರೆ. ಮಗುವಿನ ಪುಸ್ತಕದಲ್ಲಿ ಏನಿದೆಯೋ ಪರೀಕ್ಷೆಗೆ ಅದೇ ಸರಿ.

ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. ನಮ್ಮಲ್ಲಿ ಸರ್ವನಾಮ, ಗುಣವಾಚಕಗಳೂ ನಾಮಪದದ ಮನೆಯಲ್ಲೇ ಒಟ್ಟು ಕುಟುಂಬವಾಗಿ ಇವೆ. ಇಂಗ್ಲಿಷಿನಲ್ಲಿ ಪ್ರೊನೌನ್, ಅಡ್ಜೆಕ್ಟಿವ್ ಅಂತ ಬೇರೆ ಮನೆ ಮಾಡಿಕೊಂಡಿವೆ.

ಕನ್ನಡ ಬಾಯಿ, ಇಂಗ್ಲಿಷ್ ಕೈ

ಇಲ್ಲಿಯವರೆಗೆ ಸುಲಭ. ಮಕ್ಕಳು ಎಡವುವುದು ಕನ್ನಡಕ್ಕೂ ಇಂಗ್ಲಿಷಿಗೂ ಹೊಂದದ ಕಡೆ. ಅದನ್ನು ಹಿಡಿಯಲು ಎರಡೂ ಗೊತ್ತಿರುವ ಅಮ್ಮನಿಗಿಂತ ಒಳ್ಳೆ ಟೀಚರ್ ಬೇಕೇ?

ಮೊದಲನೆಯದು ದೊಡ್ಡ ಅಕ್ಷರ. ಕನ್ನಡದಲ್ಲಿ ಕ್ಯಾಪಿಟಲ್, ಸ್ಮಾಲ್ ಅನ್ನುವ ಭೇದವೇ ಇಲ್ಲ. ಹಾಗಾಗಿ ಮಕ್ಕಳು ಮೈಸೂರನ್ನೂ ಚಿಕ್ಕ ಅಕ್ಷರದಲ್ಲೇ ಶುರು ಮಾಡಿಬಿಡುತ್ತಾರೆ. ವ್ಯಕ್ತಿ, ಊರು, ವಾರ, ತಿಂಗಳು, ಭಾಷೆ ಇವುಗಳ ಹೆಸರಿಗೆ ಮೊದಲಕ್ಷರ ಕ್ಯಾಪಿಟಲ್ ಬೇಕೇ ಬೇಕು. ಆದರೆ ಸಮ್ಮರ್, ವಿಂಟರ್ ಎಂಬ ಕಾಲದ ಹೆಸರಿಗೆ ಬೇಡ. 'ಮೈ ಮದರ್' ಎನ್ನುವಾಗ ಮದರ್‌ಗೂ ಬೇಡ. ಬೇಜಾರು ಮಾಡಿಕೊಳ್ಳಬೇಡಿ, ಅಲ್ಲಿ ಅದು ಕಾಮನ್ ನೌನ್!

ಎರಡನೆಯದು ಬಹುವಚನ. ಅಂಗಡಿಗೆ ಹೋಗಿ ನಾವು "ಎರಡು ಪುಸ್ತಕ ಕೊಡಿ, ಹತ್ತು ರೂಪಾಯಿ ತಗೊಳ್ಳಿ" ಅನ್ನುತ್ತೇವೆ. "ಎರಡು ಪುಸ್ತಕಗಳು" ಅಂತ ಮಾತಿನಲ್ಲಿ ಯಾರಂತಾರೆ? ಎರಡು ಎಂದಮೇಲೆ 'ಗಳು' ಯಾಕೆ ಅನ್ನುವುದು ಕನ್ನಡದ ಲೆಕ್ಕಾಚಾರ. ಅದೇ ರೂಢಿಯಲ್ಲಿ ಮಗು 'ಟೂ ಬುಕ್', 'ಟೆನ್ ರುಪೀ' ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲಿ ಹಾಗಾಗದು. ಒಂದಕ್ಕಿಂತ ಹೆಚ್ಚಿದ್ದರೆ 'ಟೂ ಬುಕ್ಸ್', 'ಟೆನ್ ರುಪೀಸ್' ಅನ್ನಲೇಬೇಕು. ಆದರೆ 'ಟೆನ್ ರುಪೀ ನೋಟ್' ಎನ್ನುವಾಗ 'ಎಸ್' ಬೇಡ. ಅಲ್ಲಿ ಅದು ನೋಟು ಎಂಥದ್ದು ಅಂತ ಹೇಳುತ್ತಿದೆಯೇ ಹೊರತು ರೂಪಾಯಿ ಎಣಿಸುತ್ತಿಲ್ಲ.

ಗೌರವದ ಬಹುವಚನವೂ ಇಂಗ್ಲಿಷಿಗೆ ಗೊತ್ತಿಲ್ಲ. "ಅಜ್ಜ ಬಂದರು" ಎಂದು ಮನೆಯಲ್ಲಿ ಹೇಳಿ ಅಭ್ಯಾಸವಾದ ಮಗು ಅಜ್ಜನಿಗೆ 'ದೇ' ಎಂದು ಬರೆದರೆ ಗದರಬೇಡಿ. ನಿಮ್ಮ ಸಂಸ್ಕಾರ ಅದಕ್ಕೆ ಬಂದಿದೆ. ಇಂಗ್ಲಿಷಿನಲ್ಲಿ ಅಜ್ಜನೂ 'ಹಿ', ಮೊಮ್ಮಗನೂ 'ಹಿ' ಎಂದು ನಕ್ಕು ಹೇಳಿ.

ಎಣಿಸುವುದೋ, ಅಳೆಯುವುದೋ?

ದೊಡ್ಡವರೂ ಜಾರುವ ಜಾಗ ಇದು. ಕೌಂಟಬಲ್, ಅನ್‌ಕೌಂಟಬಲ್ ಅಂದರೆ ಎಣಿಸುವಂಥದ್ದು, ಎಣಿಸಲಾಗದ್ದು. ಅಡುಗೆಮನೆಯಲ್ಲಿ ನೀವು ದಿನಾ ಮಾಡುವುದು ಇದನ್ನೇ. ಬದನೆಕಾಯಿ, ನಿಂಬೆಹಣ್ಣು ಎಣಿಸುತ್ತೀರಿ. ಹಾಲು, ಹಿಟ್ಟು ಅಳೆಯುತ್ತೀರಿ. "ಎರಡು ನೀರು" ಎನ್ನದೆ "ಎರಡು ಲೋಟ ನೀರು" ಅನ್ನುತ್ತೀರಿ. ಇಂಗ್ಲಿಷಿನಲ್ಲೂ ಹಾಗೇ, 'ಟೂ ಗ್ಲಾಸಸ್ ಆಫ್ ವಾಟರ್'. ಎಣಿಸುವುದಕ್ಕೆ 'ಮೆನಿ', ಅಳೆಯುವುದಕ್ಕೆ 'ಮಚ್'.

ತೊಂದರೆ ಎಲ್ಲಿ ಅಂದರೆ, ನಾವು ಆರಾಮಾಗಿ ಎಣಿಸುವ ಕೆಲವನ್ನು ಇಂಗ್ಲಿಷ್ ಎಣಿಸಲು ಬಿಡುವುದಿಲ್ಲ. "ನಾಲ್ಕು ಬುದ್ಧಿಮಾತು ಹೇಳಿ" ಅನ್ನುತ್ತೇವೆ. ಆದರೆ ಇಂಗ್ಲಿಷಿನಲ್ಲಿ 'ಅಡ್ವೈಸಸ್' ಇಲ್ಲ. ಹಾಗೇ ಫರ್ನಿಚರ್, ಲಗೇಜ್, ಇನ್ಫರ್ಮೇಷನ್, ಹೋಮ್‌ವರ್ಕ್, ಜ್ಯುವೆಲರಿ ಯಾವುದಕ್ಕೂ ಕೊನೆಯಲ್ಲಿ 'ಎಸ್' ಹಚ್ಚಬೇಡಿ. ಎಣಿಸಲೇಬೇಕಾದರೆ 'ಎ ಪೀಸ್ ಆಫ್ ಅಡ್ವೈಸ್', 'ತ್ರೀ ಪೀಸಸ್ ಆಫ್ ಫರ್ನಿಚರ್' ಎನ್ನಬೇಕು. ಸೋಪಿಗೆ ಬಾರ್, ಬ್ರೆಡ್ಡಿಗೆ ಲೋಫ್ ಅಥವಾ ಸ್ಲೈಸ್. ಕನ್ನಡದಲ್ಲಿ ಮಾತಾಡುವಾಗ "ಫರ್ನಿಚರ್‌ಗಳು" ಅಂದರೆ ಏನೂ ತಪ್ಪಿಲ್ಲ ಬಿಡಿ, ಅಲ್ಲಿ ನಡೆಯುವುದು ನಮ್ಮ ವ್ಯಾಕರಣ.

'ನ್ಯೂಸ್' ನೋಡಿ. ಕೊನೆಯಲ್ಲಿ 'ಎಸ್' ಇದ್ದರೂ ಏಕವಚನ. 'ದಿ ನ್ಯೂಸ್ ಈಸ್ ಗುಡ್'. ಕತ್ತರಿ ಒಂದೇ ಆದರೂ ಅಲಗು ಎರಡು. ಹಾಗಾಗಿ 'ಸಿಸರ್ಸ್' ಬಹುವಚನ. ಒಂದು ಕತ್ತರಿ ಬೇಕಿದ್ದರೆ 'ಎ ಪೇರ್ ಆಫ್ ಸಿಸರ್ಸ್' ಎಂದು ಕೇಳಬೇಕು.

ಇನ್ನೊಂದು ಮಜಾ ಇದೆ. ತಲೆಯ ಮೇಲಿರುವ ಕೂದಲೆಲ್ಲ ಸೇರಿ 'ಹೇರ್', ಎಣಿಸುವಂತಿಲ್ಲ. ಅದರಲ್ಲೊಂದು ಸಾರಿನಲ್ಲಿ ಸಿಕ್ಕಿತೋ, 'ಎ ಹೇರ್' ಆಗಿ ಎಣಿಕೆಗೆ ಬಂತು! ಅಂಗಳದಲ್ಲಿ ಓಡಾಡುವ ಚಿಕನ್ ಎಣಿಸಬಹುದು, ತಟ್ಟೆಗೆ ಬಂದ ಚಿಕನ್ ಎಣಿಸುವಂತಿಲ್ಲ. ಕಬ್ಬಿಣ ಅನ್ನುವ ಅರ್ಥದಲ್ಲಿ ಐರನ್ ಮೆಟೀರಿಯಲ್ ನೌನ್, ಇಸ್ತ್ರಿ ಪೆಟ್ಟಿಗೆ ಆದರೆ ಕಾಮನ್ ನೌನ್. ಅಂದರೆ ಪದದ ಹಣೆಯ ಮೇಲೆ ವಿಧ ಬರೆದಿರುವುದಿಲ್ಲ. ವಾಕ್ಯದಲ್ಲಿ ಅದು ಮಾಡುವ ಕೆಲಸ ನೋಡಿ ಹೇಳಬೇಕು. "ದಾನದಲ್ಲಿ ಅವನೊಬ್ಬ ಕರ್ಣ" ಅಂದಾಗ ಅಂಕಿತನಾಮವೇ ರೂಢನಾಮದಂತೆ ಆಗಿಬಿಡುವುದಿಲ್ಲವೇ, ಹಾಗೆ.

ರಾಮಾಯಣ ತಲೆಕೆಳಗಾದೀತು!

ನಾಮಪದದ ಉಪಯೋಗ ಏನು ಅಂತ ಪರೀಕ್ಷೆಯಲ್ಲಿ ಕೇಳುತ್ತಾರೆ. ವಾಕ್ಯದಲ್ಲಿ ಅದು ಕರ್ತೃ ಆಗಬಹುದು, ಕರ್ಮ ಆಗಬಹುದು, ಪ್ರಿಪೊಸಿಷನ್ ಹಿಂದೆ ಬರಬಹುದು. ನಮ್ಮಲ್ಲಿ ಈ ಕೆಲಸ ತೋರಿಸಲು ವಿಭಕ್ತಿ ಪ್ರತ್ಯಯಗಳಿವೆ - ಅನ್ನು, ಇಂದ, ಗೆ, ಅಲ್ಲಿ ಇತ್ಯಾದಿ. "ರಾಮ ರಾವಣನನ್ನು ಕೊಂದ" ಅನ್ನಿ, "ರಾವಣನನ್ನು ರಾಮ ಕೊಂದ" ಅನ್ನಿ, ಸತ್ತವನು ರಾವಣನೇ. 'ಅನ್ನು' ಅವನನ್ನು ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಆ 'ಅನ್ನು' ಇಲ್ಲ. ಯಾರು ಕ್ರಿಯಾಪದದ ಮುಂಚೆ, ಯಾರು ಆಮೇಲೆ ಅನ್ನುವುದೇ ಎಲ್ಲ. 'ರಾಮ ಕಿಲ್ಡ್ ರಾವಣ' ಎನ್ನುವ ಬದಲು 'ರಾವಣ ಕಿಲ್ಡ್ ರಾಮ' ಅಂದಿರೋ, ರಾಮಾಯಣವೇ ತಲೆಕೆಳಗು!

ಹಾಗೆಯೇ "ಮನೆಯಲ್ಲಿ" ಎಂದಾಗ ನಮ್ಮ 'ಅಲ್ಲಿ' ಬಾಲದಂತೆ ಹಿಂದೆ ಅಂಟುತ್ತದೆ. ಇಂಗ್ಲಿಷಿನಲ್ಲಿ 'ಇನ್ ದ ಹೌಸ್' ಎಂದು ಮುಂದೆ ಬಂದು ಕೂರುತ್ತದೆ. "ಸೀತೆಯ ಚೀಲ" ಎನ್ನುವಲ್ಲಿ ಇರುವ ಷಷ್ಠೀ ವಿಭಕ್ತಿಗೆ ಮಾತ್ರ ಅವರಲ್ಲೂ ಪ್ರತ್ಯಯವಿದೆ. ಹೆಸರಿನ ಮುಂದೆ ಮೇಲ್ಗಡೆ ಒಂದು ಅಪಾಸ್ಟ್ರಫಿ ಗುರುತು, ಪಕ್ಕದಲ್ಲಿ 'ಎಸ್'. ಬರೀ ಬಹುವಚನಕ್ಕೂ ಈ ಗುರುತು ಹಾಕುವ ಮಕ್ಕಳಿದ್ದಾರೆ, ಅಲ್ಲಿ ಕಣ್ಣಿಡಿ.

ಇಷ್ಟು ಮಾಡಿ ನೋಡಿ

* ವ್ಯಾಖ್ಯೆ ಬಾಯಿಪಾಠ ಮಾಡಿಸುವ ಮೊದಲು ಅರ್ಥವನ್ನು ಕನ್ನಡದಲ್ಲೇ ಹೇಳಿ. ಅರ್ಥವಾದ ಮೇಲೆ ಇಂಗ್ಲಿಷ್ ಸಾಲು ಕಲಿಯುವುದು ಕಷ್ಟವಲ್ಲ.

* ತರಕಾರಿ ಚೀಲ ಬಿಚ್ಚುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದು ಎಣಿಸುವುದು, ಯಾವುದು ಅಳೆಯುವುದು ಅಂತ ಎರಡು ಗುಂಪು ಮಾಡಿಸಿ.

* ಬರೆದ ಪ್ರತಿ ಸಾಲಿನಲ್ಲೂ ಮೂರನ್ನು ಮಾತ್ರ ನೋಡಿ: ಹೆಸರಿಗೆ ಕ್ಯಾಪಿಟಲ್ ಇದೆಯೇ, ಸಂಖ್ಯೆ ಇದ್ದಲ್ಲಿ 'ಎಸ್' ಇದೆಯೇ, ಎಣಿಸಲಾಗದ್ದಕ್ಕೆ 'ಎಸ್' ಹಚ್ಚಿಲ್ಲ ತಾನೇ?

* ಉಚ್ಚಾರಣೆ ತಪ್ಪಾಯಿತೆಂದು ಮಗು ತಿದ್ದಿದರೆ ಸಿಟ್ಟಾಗಬೇಡಿ. "ಹೌದಾ, ಇನ್ನೊಂದ್ಸಲ ಹೇಳು" ಅನ್ನಿ. ಕಲಿಸುವಾಗ ಅದಕ್ಕೇ ಪಾಠ ಗಟ್ಟಿಯಾಗುತ್ತದೆ.

* ಉತ್ತರ ಗೊತ್ತಿಲ್ಲದಿದ್ದರೆ "ಅಪ್ಪನ್ನ ಕೇಳು" ಬೇಡ. "ಬಾ, ಇಬ್ಬರೂ ಪುಸ್ತಕದಲ್ಲಿ ಹುಡುಕೋಣ" ಅನ್ನಿ.

ಇಷ್ಟಕ್ಕೇ ನೀವು ಫಟಾಫಟ್ ಇಂಗ್ಲಿಷ್ ಮಾತಾಡಿಬಿಡುತ್ತೀರಿ ಅಂತಲ್ಲ. ಆದರೆ ಮಗುವಿನ ನೋಟ್‌ಬುಕ್ ಮೊದಲು ನಿಮ್ಮ ಕೈಗೇ ಬರುತ್ತದೆ. ಅದರ ಜತೆಗೆ ಕ್ಲಾಸಿನಲ್ಲಿ ಯಾರು ಅತ್ತರು, ಯಾರು ಜಗಳವಾಡಿದರು, ಟೀಚರ್ ಯಾಕೆ ಗದರಿದರು ಎಂಬ ಸುದ್ದಿಯೂ. ಅದನ್ನು ಕೇಳಿಸಿಕೊಳ್ಳಲು ಯಾವ ಗ್ರಾಮರೂ ಬೇಡ.